ಕಾರ್ಡ್‌ಲೆಸ್ ಡ್ರಿಲ್ ತಗೊಳ್ಳುವ ಮೊದಲು ಗೋಡೆ ನೋಡಿ

ಕಾಪುವಿನ ಹೊಸ ಮನೆಗೆ ಕರ್ಟನ್ ರಾಡ್, ಶೆಲ್ಫ್, ಫೋಟೋ ಎಲ್ಲ ಹಾಕಬೇಕು, ಡ್ರಿಲ್ ಹಿಡಿಯುವುದು ಇದೇ ಮೊದಲು, 12 ವೋಲ್ಟ್ ಸಾಕಾ 18 ಬೇಕಾ ಅಂತ ಕೇಳಿದ್ದೀರಿ. ನಾನು ಮಂಗಳೂರಿನ ಮನೆಯಲ್ಲಿ ಎರಡನ್ನೂ ಬಳಸುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಡೆ ಹೆಚ್ಚಿನ ಗೋಡೆ ಕೆಂಪು ಕಲ್ಲಿನದ್ದು ಅಲ್ವಾ, ಅದಕ್ಕೆ 12 ವೋಲ್ಟ್ ಧಾರಾಳ ಸಾಕು. ಅಲ್ಲಿ ತೂತು ಕೊರೆಯುವುದು ಸುಲಭ, ತೂತು ದೊಡ್ಡದಾಗದಂತೆ ನೋಡಿಕೊಳ್ಳುವುದೇ ಕಷ್ಟ. ಕಲ್ಲಿನೊಳಗೆ ಪೊಳ್ಳು ಇರುತ್ತದೆ, ಹ್ಯಾಮರ್ ಮೋಡ್ (ತಿರುಗುತ್ತಲೇ ಪೆಟ್ಟು ಕೊಡುವುದು) ಹಾಕಿದರೆ ಅಂಚು ಉದುರಿ, ಸ್ಕ್ರೂ ಹಿಡಿಯಲು ತೂತಿಗೆ ಹಾಕುವ ಪ್ಲಗ್ ಹಿಡಿತವಿಲ್ಲದೆ ಸುಮ್ನೆ ತಿರುಗುತ್ತದೆ. ಹ್ಯಾಮರ್ ಆಫ್ ಮಾಡಿ, ನಿಧಾನಕ್ಕೆ ಕೊರೆಯಿರಿ. ಸಾರಣೆ (ಪ್ಲಾಸ್ಟರ್) ದಾಟಿ ಕಲ್ಲಿನೊಳಗೆ ಕೂರುವಷ್ಟು ಉದ್ದದ ಪ್ಲಗ್ ಹಾಕಿ. ಬರುವ ಪುಡಿ ನೋಡುತ್ತಾ ಇರಿ: ಕೆಂಪು ಪುಡಿ ಬಂದರೆ ಕಲ್ಲು ಸಿಕ್ಕಿತು ಅಂತ. ಬೂದು ಪುಡಿಯೇ ಬರುತ್ತಾ ಬಿಟ್ (ಕೊರೆಯುವ ಕಡ್ಡಿ) ಮುಂದೆ ಹೋಗದೆ ನಿಂತರೆ ಅದು ಕಾಂಕ್ರೀಟ್.

ಕರ್ಟನ್ ರಾಡ್‌ನ ಕಷ್ಟ ಇರುವುದೇ ಅಲ್ಲಿ, ಕಿಟಕಿಯ ಮೇಲೆ ಲಿಂಟಲ್, ಅಂದರೆ ಕಾಂಕ್ರೀಟ್ ತೊಲೆ ಇರುತ್ತದೆ. ಕಾರ್ಡ್‌ಲೆಸ್ ಇಂಪ್ಯಾಕ್ಟ್ ಡ್ರಿಲ್‌ನ ಹ್ಯಾಮರ್ ಮೋಡ್‌ನಲ್ಲಿ ಎರಡು ಹಲ್ಲಿನ ಚಕ್ರಗಳು ಒಂದರ ಮೇಲೊಂದು ಉಜ್ಜಿ ಪೆಟ್ಟು ಕೊಡುತ್ತವೆ, ಪೆಟ್ಟು ಸಣ್ಣದು. 18 ವೋಲ್ಟ್‌ನದ್ದು ನಾಲ್ಕಾರು ತೂತಿಗೆ ಏಗುತ್ತದೆ. ಎಲ್ಲ ಕಿಟಕಿಗೂ ಕೊರೆಯಬೇಕಾದರೆ ರೋಟರಿ ಹ್ಯಾಮರ್ ಒಂದು ದಿನಕ್ಕೆ ಬಾಡಿಗೆಗೆ ತನ್ನಿ. ಅದರಲ್ಲಿ ಪಿಸ್ಟನ್ ಹೊಡೆಯುತ್ತದೆ, ನೀವು ಮೈಭಾರ ಹಾಕಿ ಒತ್ತಬೇಕಾಗಿಲ್ಲ.

ಅಂಗಡಿಯಲ್ಲಿ 18 ಮತ್ತು 20 ವೋಲ್ಟ್ ನೋಡಿ ಗೊಂದಲ ಮಾಡಿಕೊಳ್ಳಬೇಡಿ, ಎರಡರಲ್ಲೂ ಇರುವುದು ಅದೇ ಐದು ಸೆಲ್‌ನ ಲೆಕ್ಕ, 20 ಅಂದರೆ ಪೂರ್ತಿ ಚಾರ್ಜ್ ಆದಾಗಿನದ್ದು. ಬೆಲೆ ತೀರಾ ಕಡಿಮೆ ಕಂಡರೆ ಬ್ಯಾಟರಿ, ಚಾರ್ಜರ್ ಜೊತೆಗೆ ಇದೆಯಾ ಕೇಳಿ. ಒಂದು ಬ್ರಾಂಡ್‌ನ ಬ್ಯಾಟರಿ ಇನ್ನೊಂದಕ್ಕೆ ಕೂರುವುದಿಲ್ಲ, ಹಾಗಾಗಿ ಬಾಷ್ ಆಗಲಿ ಮಕೀಟಾ ಆಗಲಿ, ಊರಲ್ಲಿ ಸರ್ವಿಸ್ ಮತ್ತು ಬ್ಯಾಟರಿ ಸಿಗುವುದನ್ನೇ ತಗೊಳ್ಳಿ. ಲಿಂಟಲ್‌ಗೆ ರೋಟರಿ ಹ್ಯಾಮರ್ ಬಾಡಿಗೆಗೆ ತರುವುದಾದರೆ, ನಿಮ್ಮ ಉಳಿದ ಕೆಲಸಕ್ಕೆ ನಾನು 12 ವೋಲ್ಟ್ ಅಂತಲೇ ಹೇಳುತ್ತೇನೆ, ಸ್ಟೂಲ್ ಮೇಲೆ ನಿಂತು ಕೈ ಎತ್ತಿ ಹಿಡಿಯುವಾಗ ಹಗುರ ಇದ್ದಷ್ಟೂ ಒಳ್ಳೆಯದು.

ಇನ್ನು ದಯವಿಟ್ಟು ಇಷ್ಟು ಮಾಡಿ. ಬಿಟ್ ಬದಲಿಸುವಾಗ ಪ್ರತಿ ಸಲ ಬ್ಯಾಟರಿ ತೆಗೆಯಿರಿ. ವಯರ್ ಇಲ್ಲ ಅಂತ ಜನ ಇದನ್ನು ಬಿಟ್ಟುಬಿಡುತ್ತಾರೆ, ಬಿಟ್ ಕೂರುವ ಚಕ್ ಹಿಡಿದಿರುವಾಗ ಬೆರಳು ಟ್ರಿಗರ್‌ಗೆ ತಾಗಿದರೆ ಸಾಕು. ಸ್ವಿಚ್ ಬೋರ್ಡ್‌ನ ನೇರ ಮೇಲೆ ಕೆಳಗೆ ಕೊರೆಯಬೇಡಿ, ವಯರ್ ಪೈಪ್ ಅಲ್ಲೇ ಹೋಗಿರುತ್ತದೆ. ಬೇರೆ ಕಡೆ ಕೊರೆಯುವಾಗಲೂ ಮೇನ್ ಆಫ್ ಮಾಡಿ, ಕಾರ್ಡ್‌ಲೆಸ್‌ಗೆ ಕರೆಂಟ್ ಬೇಡವಲ್ಲ. ಕನ್ನಡಕ, ಮಾಸ್ಕ್ ಹಾಕಿ. ಗ್ಲೌಸ್ ಬೇಡ, ಹೆಗಲ ಮೇಲೆ ಬೈರಾಸೂ (ಟವೆಲ್) ಬೇಡ, ತಿರುಗುವ ಬಿಟ್ ಬಟ್ಟೆಯನ್ನು ಎಳೆದುಕೊಳ್ಳುತ್ತದೆ. ಸ್ಕ್ರೂ ಹಾಕುವಾಗ ಕ್ಲಚ್ ರಿಂಗ್ (ಎಷ್ಟು ಬಲಕ್ಕೆ ತಿರುಗುವುದು ನಿಲ್ಲಬೇಕು ಅಂತ ಹೊಂದಿಸುವ ಬಳೆ) ಕಡಿಮೆ ನಂಬರ್‌ನಿಂದ ಶುರು ಮಾಡಿ, ಇಲ್ಲದಿದ್ದರೆ ಸ್ಕ್ರೂ ಕೂತ ಮೇಲೂ ಮಷಿನ್ ತಿರುಗಿ ಮಣಿಕಟ್ಟು ಉಳುಕಬಹುದು.

ಮಳೆಗಾಲದಲ್ಲಿ ಬಿಟ್‌ಗೆ, ಚಕ್‌ಗೆ ಒಂದು ಹನಿ ಎಣ್ಣೆ ಸವರಿಡಿ, ಕಡಲ ಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಬ್ಯಾಟರಿಯನ್ನು ಅರ್ಧ ಚಾರ್ಜ್‌ನಲ್ಲಿ ಬೇರೆಯೇ ಇಡಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಮಾತ್ರ ಬೇಡ.