ತ್ರಿತ್ವ: ನೀರು ಹಬೆಗೆ ಪ್ರಾರ್ಥಿಸುತ್ತದೆಯೇ?

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ, ಮಂಡ್ಯ): ನಮಸ್ಕಾರ ಫಾದರ್. ಸಹೋದ್ಯೋಗಿಯೊಬ್ಬರ ಮಗಳ ಮದುವೆಗೆಂದು ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಬಂದಿದ್ದೆ. ಬಲಿಪೂಜೆ ಶುರುವಾಗುತ್ತಲೇ ಎಲ್ಲರೂ ಹಣೆ, ಎದೆ, ಭುಜಗಳನ್ನು ಮುಟ್ಟಿಕೊಂಡು "ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ" ಎಂದರು. ಮೂರು ಹೆಸರು ಹೇಳಿ ದೇವರು ಒಬ್ಬನೇ ಎನ್ನುವುದು ಹೇಗೆಂದು ಊಟದ ಹೊತ್ತಿನಲ್ಲಿ ಸಹೋದ್ಯೋಗಿಯನ್ನು ಕೇಳಿದೆ. ನೀರು, ಮಂಜುಗಡ್ಡೆ, ಹಬೆ ಇದ್ದ ಹಾಗೆ ಎಂದರು. ವಿಜ್ಞಾನ ಪಾಠ ಮಾಡುವ ನನಗೆ ಸಮಾಧಾನವಾಗಲಿಲ್ಲ. ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು ತಂದೆಗೆ ಪ್ರಾರ್ಥಿಸಿದರು ಎನ್ನುತ್ತೀರಿ. ನೀರು ಹಬೆಗೆ ಪ್ರಾರ್ಥಿಸುತ್ತದೆಯೇ? ಅಥವಾ ಇದು ನಮ್ಮ ತ್ರಿಮೂರ್ತಿಗಳಂತೆಯೋ?

ಉತ್ತರ: ಮೇಡಂ, ಮೈಸೂರಿನಲ್ಲಿ ಗುರು (ಪಾದ್ರಿ) ಅಭ್ಯರ್ಥಿಗಳಿಗೆ ದೇವಶಾಸ್ತ್ರ ಪಾಠ ಮಾಡುವವನು ನಾನು. ಮೊದಲ ವರ್ಷದ ಹುಡುಗರು ವರ್ಷಕ್ಕೊಮ್ಮೆ ಇದೇ ಮಂಜುಗಡ್ಡೆಯನ್ನು ತಂದು ನನ್ನ ಮೇಜಿನ ಮೇಲೆ ಇಡುತ್ತಾರೆ. ಅದನ್ನು ಕರಗಿಸಲು ನಿಮ್ಮ ಪ್ರಶ್ನೆಯೊಂದೇ ಸಾಕು. ಒಬ್ಬನೇ ದೇವರು ಒಮ್ಮೆ ತಂದೆಯಾಗಿ, ಒಮ್ಮೆ ಮಗನಾಗಿ, ಒಮ್ಮೆ ಆತ್ಮನಾಗಿ ವೇಷ ಬದಲಿಸುತ್ತಾನೆ ಎಂಬ ವಾದ ಮೂರನೆಯ ಶತಮಾನದಲ್ಲೇ ಸಬೆಲಿಯುಸ್ ಎಂಬಾತನ ಹೆಸರಿನಲ್ಲಿ ಹಬ್ಬಿತ್ತು. ಧರ್ಮಸಭೆ (ಚರ್ಚ್) ಅದನ್ನು ಒಪ್ಪಲಿಲ್ಲ. ವೇಷಧಾರಿ ಒಬ್ಬನೇ ಆದರೆ ಆ ರಾತ್ರಿಯ ಪ್ರಾರ್ಥನೆ ಬರೀ ನಾಟಕವಾಗಿಬಿಡುತ್ತದೆ.

ಈ ವಿಷಯ ಹೇಳುವುದಕ್ಕೆ ಕನ್ನಡದಲ್ಲೇ ಒಂದು ಅನುಕೂಲವಿದೆ. ನಾವು "ಏನು" ಮತ್ತು "ಯಾರು" ಎಂಬ ಪ್ರಶ್ನೆಗಳನ್ನು ಬೆರೆಸುವುದಿಲ್ಲ. ನೀವು ಏನು ಎಂದರೆ ಮನುಷ್ಯರು. ಯಾರು ಎಂದರೆ ಇಂಥ ಶಾಲೆಯ ಇಂಥ ಮೇಡಂ. ದೇವರ ವಿಷಯದಲ್ಲಿ "ಏನು" ಎಂದು ಕೇಳಿದರೆ ಉತ್ತರ ಒಂದೇ: ದೇವರು. "ಯಾರು" ಎಂದು ಕೇಳಿದರೆ ಉತ್ತರ ಮೂರು: ತಂದೆ, ಮಗ, ಪವಿತ್ರಾತ್ಮ. ಇದನ್ನೇ ತ್ರಿತ್ವ ಎನ್ನುತ್ತೇವೆ. ಒಂದು ಮತ್ತು ಮೂರು ಒಂದೇ ಪ್ರಶ್ನೆಯ ಉತ್ತರಗಳಲ್ಲ. ಆದ್ದರಿಂದ ಲೆಕ್ಕ ತಪ್ಪಿಲ್ಲ.

ಇನ್ನು ತ್ರಿಮೂರ್ತಿಗಳು. ಹೋಲಿಕೆ ಮೂರು ಎಂಬ ಸಂಖ್ಯೆಯ ಹತ್ತಿರವೇ ನಿಂತುಬಿಡುತ್ತದೆ. ಅಲ್ಲಿ ಸೃಷ್ಟಿ, ಸ್ಥಿತಿ, ಲಯ ಎಂದು ಕೆಲಸ ಹಂಚಿಕೆಯಾಗಿದೆ. ಕ್ರೈಸ್ತ ವಿಶ್ವಾಸದಲ್ಲಿ ಹಂಚಿಕೆ ಇಲ್ಲ. ತಂದೆಯು ಮಗನ ಮೂಲಕ ಆತ್ಮನಲ್ಲಿ ಸೃಷ್ಟಿಸುತ್ತಾನೆ, ರಕ್ಷಿಸುವುದೂ ಹಾಗೆಯೇ. ಇದನ್ನು ಭಾರತದ ಮಾತಿನಲ್ಲೇ ಹೇಳಬೇಕೆಂದು ಹೊರಟವರಲ್ಲಿ ಬಂಗಾಳದ ಕ್ರೈಸ್ತ ಚಿಂತಕ ಬ್ರಹ್ಮಬಾಂಧವ ಉಪಾಧ್ಯಾಯ (1861–1907) ಮುಖ್ಯರು. ಅವರು ತ್ರಿಮೂರ್ತಿಗಳ ಕಡೆಗೆ ಹೋಗಲಿಲ್ಲ, ಸತ್-ಚಿತ್-ಆನಂದದ ಕಡೆಗೆ ಹೋದರು. ಸಚ್ಚಿದಾನಂದನನ್ನು ವಂದಿಸುವ ಅವರ ಸಂಸ್ಕೃತ ಗೀತೆ ಸುಂದರವಾಗಿದೆ. ನನಗೆ ಒಂದೇ ತಕರಾರು: ಸತ್, ಚಿತ್, ಆನಂದಗಳು ಪರಸ್ಪರ ಮಾತನಾಡುವುದಿಲ್ಲ, ತಂದೆ ಮತ್ತು ಮಗ ಮಾತನಾಡುತ್ತಾರೆ.

ಪ್ರಶ್ನೆ (ಕಬ್ಬು ಬೆಳೆಗಾರ, ಪಾಂಡವಪುರ): ಸ್ವಾಮಿ, ನಾನು ಕ್ರೈಸ್ತನಲ್ಲ, ಕುತೂಹಲಕ್ಕೆ ಕೇಳುತ್ತಿದ್ದೇನೆ. ನಾನು, ನನ್ನ ತಮ್ಮ, ನಮ್ಮ ಭಾವ ಮೂವರೂ ಮನುಷ್ಯರೇ. "ಏನು" ಎಂದರೆ ಒಂದೇ ಉತ್ತರ. ಆದರೂ ನಾವು ಮೂವರು ಮನುಷ್ಯರು ತಾನೇ? ಹಾಗಾದರೆ ಅಲ್ಲಿಯೂ ಮೂವರು ದೇವರಾಗಬೇಕಲ್ಲ? ಅಥವಾ ಆಲೆಮನೆಯ ಹಾಗೆಯೋ: ಒಬ್ಬ ಗಾಣಕ್ಕೆ ಕಬ್ಬು ಕೊಡುತ್ತಾನೆ, ಒಬ್ಬ ಕೊಪ್ಪರಿಗೆ ನೋಡಿಕೊಳ್ಳುತ್ತಾನೆ, ಒಬ್ಬ ಅಚ್ಚಿಗೆ ಹಾಕುತ್ತಾನೆ, ಬೆಲ್ಲ ಮಾತ್ರ ಒಂದು.

ಉತ್ತರ: ಗೌಡರೇ, ಹಿಡಿಯಬೇಕಾದ ಕಡೆಯೇ ಹಿಡಿದಿದ್ದೀರಿ. ಇದೇ ಪ್ರಶ್ನೆಯನ್ನು ನಾಲ್ಕನೆಯ ಶತಮಾನದಲ್ಲಿ ಅಬ್ಲಾಬಿಯುಸ್ ಎಂಬಾತ ನಿಸ್ಸಾದ ಬಿಷಪ್ ಗ್ರೆಗೋರಿಯವರಿಗೆ ಕೇಳಿದ್ದ. ಪೇತ್ರ, ಯಾಕೋಬ, ಯೊವಾನ್ನ ಮೂವರು ಮನುಷ್ಯರಾದರೆ ತಂದೆ, ಮಗ, ಆತ್ಮ ಮೂವರು ದೇವರೇಕಲ್ಲ ಎಂದು. ಗ್ರೆಗೋರಿ ಕೊಟ್ಟ ಉತ್ತರದ ತಿರುಳು ಕೆಲಸದಲ್ಲಿದೆ. ಮನುಷ್ಯರು ಮೂವರು ಒಂದೇ ಕಸುಬು ಮಾಡಿದರೂ ಪ್ರತಿಯೊಬ್ಬನ ದುಡಿಮೆ ಬೇರೆ. ನಿಮ್ಮ ತಮ್ಮ ಅವನ ಹೊಲಕ್ಕೆ ನೀರು ಹಾಯಿಸಿದರೆ ನಿಮ್ಮ ಕಬ್ಬು ನೆನೆಯುವುದಿಲ್ಲ. ದೇವರಲ್ಲಿ ಹಾಗಲ್ಲ. ಪ್ರತಿಯೊಂದು ಕ್ರಿಯೆಯೂ ತಂದೆಯಿಂದ ಹೊರಟು, ಮಗನ ಮೂಲಕ ಸಾಗಿ, ಆತ್ಮನಲ್ಲಿ ಪೂರ್ಣವಾಗುತ್ತದೆ. ಅದು ಮೂರು ಕ್ರಿಯೆಗಳಲ್ಲ, ಒಂದು. ಮೂವರು ಸೇರಿ ನಮಗೆ ಮೂರು ಜೀವ ಕೊಡಲಿಲ್ಲ, ಕೊಟ್ಟದ್ದು ಒಂದೇ ಜೀವ.

ಆಲೆಮನೆ ಸೋಲುವುದು ಇಲ್ಲಿಯೇ. ಗಾಣದವನು ಪಾಕ ಇಳಿಸುವ ಹೊತ್ತಿಗೆ ಬೀಡಿ ಹಚ್ಚಿಕೊಂಡು ಹೊರಗೆ ಕೂತಿರಬಹುದು. ಅವನ ಪಾಲು ಮುಗಿಯಿತು. ತ್ರಿತ್ವದಲ್ಲಿ ಯಾರ ಪಾಲೂ ಮುಗಿಯುವುದಿಲ್ಲ, ಏಕೆಂದರೆ ಪಾಲೇ ಇಲ್ಲ. ಬಿಲ್ವಪತ್ರೆಯ ಮೂರು ದಳದ ಹೋಲಿಕೆಯನ್ನೂ ಕೆಲವರು ಕೊಡುತ್ತಾರೆ. ಒಂದು ದಳ ಕಿತ್ತರೆ ಉಳಿಯುವುದು ಮೂರನೆಯ ಎರಡು ಭಾಗ. ಮಗನು ದೇವರ ಮೂರನೆಯ ಒಂದು ಭಾಗ ಎಂದು ನಾವು ಎಂದೂ ಹೇಳುವುದಿಲ್ಲ. ಪೂರ್ತಿ ದೇವರು ಎನ್ನುತ್ತೇವೆ. ಹೋಲಿಕೆ ಬೇಡವೆಂದಲ್ಲ, ಅದು ಎಲ್ಲಿ ಮುರಿಯುತ್ತದೆ ಎಂಬುದನ್ನು ತೋರಿಸಿಯೇ ಕೊಡಬೇಕು.

ಪ್ರಶ್ನೆ (ನಿವೃತ್ತ ಬ್ಯಾಂಕ್ ಉದ್ಯೋಗಿ, ಕುವೆಂಪುನಗರ): ತ್ರಿತ್ವ ಎಂಬ ಪದವೇ ಬೈಬಲಿನಲ್ಲಿ ಇಲ್ಲವಂತೆ. ಕಾನ್‌ಸ್ಟಂಟೈನ್ ಚಕ್ರವರ್ತಿ ಸಭೆ ಸೇರಿಸಿ ಕೈ ಎತ್ತಿಸಿ ತೀರ್ಮಾನ ಮಾಡಿಸಿದ ಎಂದು ಎಲ್ಲೋ ಓದಿದೆ.

ಉತ್ತರ: ಪದ ಇಲ್ಲ, ನಿಜ. ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್ ಕ್ರಿ.ಶ. 200ರ ಆಸುಪಾಸಿನಲ್ಲಿ ಲ್ಯಾಟಿನ್ನಿನಲ್ಲಿ ಬಳಕೆಗೆ ತಂದ ಮಾತು ಅದು. ಆದರೆ ಪದ ಬರುವ ಮೊದಲೇ ಬಳಕೆ ಇತ್ತು. ಮತ್ತಾಯನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ತಂದೆ, ಮಗ, ಪವಿತ್ರಾತ್ಮರ "ಹೆಸರಿನಲ್ಲಿ" ದೀಕ್ಷಾಸ್ನಾನ ಕೊಡಿ ಎಂದಿದೆ. ಗ್ರೀಕ್ ಮೂಲದಲ್ಲಿಯೂ ಅದು ಏಕವಚನ: ಹೆಸರು, ಹೆಸರುಗಳಲ್ಲ.

ಚಕ್ರವರ್ತಿಯ ಕಥೆ ಅರ್ಧ ಸರಿ. 325ರಲ್ಲಿ ನೈಸಿಯಾದಲ್ಲಿ, ಅಂದರೆ ಇಂದಿನ ಟರ್ಕಿಯಲ್ಲಿ, ಸಭೆ ಕರೆದದ್ದು ಕಾನ್‌ಸ್ಟಂಟೈನನೇ. ಮಗನು ಸೃಷ್ಟಿಯಾದವನು, ಅವನಿಲ್ಲದ ಒಂದು ಕಾಲವಿತ್ತು ಎಂದು ಅಲೆಕ್ಸಾಂಡ್ರಿಯದ ಗುರು ಏರಿಯಸ್ ಬೋಧಿಸುತ್ತಿದ್ದ. ಸಭೆ ಅದನ್ನು ತಳ್ಳಿ, ಮಗನು ತಂದೆಯೊಂದಿಗೆ ಒಂದೇ ಸತ್ವದವನು ಎಂದಿತು. ಚಕ್ರವರ್ತಿ ಹೇಳಿದ್ದಕ್ಕೇ ಎಲ್ಲ ಮುಗಿಯುವುದಾಗಿದ್ದರೆ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಕಾನ್‌ಸ್ಟಂಟೈನ್ ಸಾಯುವ ಮುನ್ನ ದೀಕ್ಷಾಸ್ನಾನ ಪಡೆದದ್ದು ಏರಿಯಸ್‌ನ ಪರವಾಗಿದ್ದ ಬಿಷಪ್ಪನ ಕೈಯಿಂದ. ಅವನ ಮಗ ಕಾನ್‌ಸ್ಟಾಂಟಿಯಸ್ ನೈಸಿಯಾದ ವಿರುದ್ಧವೇ ನಿಂತ. ನೈಸಿಯಾದ ಮಾತನ್ನು ಬಿಡದ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯುಸ್ ಐದು ಸಲ ಗಡೀಪಾರಾದರು. ಗ್ರೀಕಿನಲ್ಲಿ "ಒಂದೇ ಸತ್ವ" ಮತ್ತು "ಹೋಲುವ ಸತ್ವ" ಎಂಬ ಪದಗಳ ನಡುವಿನ ವ್ಯತ್ಯಾಸ ಒಂದೇ ಒಂದು ಅಕ್ಷರ. ಆ ಅಕ್ಷರಕ್ಕಾಗಿ ಇಷ್ಟು ಜಗಳವೇ ಎಂದು ನಗುವವರಿದ್ದಾರೆ. ಬ್ಯಾಂಕಿನಲ್ಲಿದ್ದ ನಿಮಗೆ ಒಂದು ಸೊನ್ನೆಯ ಬೆಲೆ ಹೇಳಿಕೊಡಬೇಕಿಲ್ಲ. ಪವಿತ್ರಾತ್ಮನ ಕುರಿತ ಮಾತು ಬಲಗೊಂಡದ್ದು 381ರ ಕಾನ್‌ಸ್ಟಾಂಟಿನೋಪಲ್ ಸಭೆಯಲ್ಲಿ.

ಪ್ರಶ್ನೆ (ವ್ಯಾಪಾರಿ, ಉದಯಗಿರಿ): ನಮ್ಮಲ್ಲಿ ಅಲ್ಲಾಹನಿಗೆ ಸಹಭಾಗಿಗಳಿಲ್ಲ. ದೇವರಿಗೆ ಮಗ ಎಂದರೆ ಹೆಂಡತಿಯೂ ಇರಬೇಕಾಗುತ್ತದಲ್ಲ?

ಉತ್ತರ: ಸಾಹೇಬರೇ, ಆ ಅರ್ಥದ ಮಗನನ್ನು ನಾವೂ ಒಪ್ಪುವುದಿಲ್ಲ. ಮೈಸೂರಿನಲ್ಲಿ ಬೀಟೆ ಮರದಲ್ಲಿ ಆನೆ ಕೆತ್ತುವವರಿದ್ದಾರೆ. ಕೆತ್ತಿದ ಆನೆ ಮರವೇ, ಕೆತ್ತಿದವನ ಜಾತಿಯದಲ್ಲ. ಅವನಿಗೆ ಹುಟ್ಟಿದ ಮಗು ಅವನಂತೆಯೇ ಮನುಷ್ಯ. ಮಗ ಎಂಬ ಮಾತಿನಿಂದ ನಾವು ಇಷ್ಟನ್ನೇ ತೆಗೆದುಕೊಳ್ಳುತ್ತೇವೆ: ಮಗನು ತಂದೆಯ ಕೈಕೆಲಸವಲ್ಲ, ತಂದೆಯ ಸ್ವಭಾವದವನೇ. ಹೆಂಡತಿ, ಹೆರಿಗೆ, ಮೊದಲು-ಆಮೇಲೆ ಯಾವುದೂ ಅದರಲ್ಲಿಲ್ಲ. ಯೊವಾನ್ನನ ಸುವಾರ್ತೆ ಅವನನ್ನೇ "ವಾಕ್ಯ", ಅಂದರೆ ದೇವರ ಮಾತು, ಎಂದೂ ಕರೆಯುತ್ತದೆ. ಇಷ್ಟು ಹೇಳಿದ ಮೇಲೂ ನಿಮ್ಮ ನಂಬಿಕೆಗೂ ನಮ್ಮದಕ್ಕೂ ಅಂತರ ಉಳಿಯುತ್ತದೆ. ಅದನ್ನು ಮುಚ್ಚಿಡುವುದು ನಿಮಗೂ ಗೌರವವಲ್ಲ, ನನಗೂ ಅಲ್ಲ.

ಪ್ರಶ್ನೆ (ಗೃಹಿಣಿ, ಮಂಡ್ಯ): ಫಾದರ್, ನನ್ನ ಮಗಳಿಗೆ ಏಳು ವರ್ಷ. ಧರ್ಮೋಪದೇಶದ ತರಗತಿಯಿಂದ ಬಂದು "ಪವಿತ್ರಾತ್ಮ ಎಂದರೆ ಪಾರಿವಾಳವಾ?" ಎನ್ನುತ್ತಾಳೆ. ಮೇಲಿನ ಉತ್ತರಗಳನ್ನೆಲ್ಲ ಓದಿದೆ. ಅವಳಿಗೆ ಏನೆಂದು ಹೇಳಲಿ?

ಉತ್ತರ: ಅಮ್ಮ, ಮೇಲಿನದ್ದನ್ನು ದಯವಿಟ್ಟು ಅವಳಿಗೆ ಓದಿ ಹೇಳಬೇಡಿ. ಪಾರಿವಾಳ ಬರುವುದು ಜೋರ್ಡಾನ್ ನದಿಯ ಕಥೆಯಲ್ಲಿ. ಆ ಕಥೆಯನ್ನೇ ಹೇಳಿ: ಯೇಸು ನೀರಿನಲ್ಲಿ ನಿಂತಿದ್ದಾರೆ, ಮೇಲಿನಿಂದ ತಂದೆಯ ದನಿ ಕೇಳಿಸುತ್ತದೆ, ಆತ್ಮ ಪಾರಿವಾಳದ ಹಾಗೆ ಇಳಿಯುತ್ತದೆ. "ಹಾಗೆ" ಎಂಬ ಮಾತನ್ನು ಒತ್ತಿ ಹೇಳಿದರೆ ಅವಳ ಪ್ರಶ್ನೆಗೆ ಉತ್ತರವಾಯಿತು.

ಆಮೇಲೆ ನಿಮ್ಮ ಚರ್ಚಿನಲ್ಲಿ ಮಗುವೊಂದರ ದೀಕ್ಷಾಸ್ನಾನವಿದ್ದಾಗ ಅವಳನ್ನು ಕರೆದುಕೊಂಡು ಹೋಗಿ. ಬೆಂಚಿನಲ್ಲಿ ಕೂರಿಸಬೇಡಿ, ನೀರಿನ ತೊಟ್ಟಿಯ ಪಕ್ಕಕ್ಕೇ ಒಯ್ಯಿರಿ. ಮಕ್ಕಳು ಮುಂದೆ ಬಂದು ನಿಂತರೆ ಗುರುಗಳು ಬೇಡವೆನ್ನುವುದಿಲ್ಲ. ಮಗುವಿನ ತಲೆಯ ಮೇಲೆ ನೀರು ಎಷ್ಟು ಸಲ ಬಿತ್ತು ಎಂದು ಎಣಿಸಲು ಹೇಳಿ. ಮೂರು ಎನ್ನುತ್ತಾಳೆ. "ನಾಮದಲ್ಲಿ" ಎಂಬ ಮಾತು ಎಷ್ಟು ಸಲ ಬಂತು ಎಂದು ಕೇಳಿ. ಅಷ್ಟರಲ್ಲಿ ಮಗು ಜೋರಾಗಿ ಅತ್ತು ಆ ಮಾತು ಕೇಳಿಸದೇ ಹೋದರೆ, ಪೂಜೆ ಮುಗಿದ ಮೇಲೆ ಗುರುಗಳನ್ನೇ ಕೇಳಲಿ.