ಅಪ್‌ಡೇಟ್: ರಾತ್ರಿ ಪಾಳಿ ಕೊನೆಗೂ ಹಳಿಗೆ ಬಂತು

ಮೂರು ತಿಂಗಳ ಮಗು ರಾತ್ರಿಯಿಡೀ ಏಳುತ್ತೆ, ನಿದ್ದೆಗೆಟ್ಟು ನಮ್ಮಿಬ್ಬರಿಗೂ ಬರೀ ಜಗಳ ಅಂತ ಕೇಳಿದ್ದೆನಲ್ಲ, ಅದರ ಫಲಿತಾಂಶ. ಕೈಹಿಡಿದದ್ದು ಪಾಳಿ ಸಲಹೆ: 9ರಿಂದ 2 ನಾನು, 2ರಿಂದ 7 ನನ್ನ ಹೆಂಡತಿ. ಇಬ್ಬರಿಗೂ ಸತತ ಐದು ಗಂಟೆ ನಿದ್ದೆ. ನನ್ನ ಪಾಳಿಗೆ ಹಿಂಡಿಟ್ಟ ಎದೆಹಾಲು. ಫ್ರಿಜ್ಜಿನಲ್ಲಿ 4 ಡಿಗ್ರಿಗೆ 4 ದಿನ ಇರುತ್ತೆ, ಬಾಗಿಲಲ್ಲಿ ಬೇಡ, ಒಳಗೆ ಹಿಂದಕ್ಕಿಡಿ. ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಿ. ಮೈಕ್ರೋವೇವ್ ಬೇಡವೇ ಬೇಡ, ಅಲ್ಲಲ್ಲಿ ಸುಡುವಷ್ಟು ಬಿಸಿಯಾಗುತ್ತೆ. ಮೇಲೆ ಕೆನೆ ಕಟ್ಟಿದರೆ ಕೆಟ್ಟಿತು ಅಂತ ಚೆಲ್ಲಬೇಡಿ (ನಾನು ಚೆಲ್ಲಿದೆ!), ಮೆಲ್ಲಗೆ ತಿರುಗಿಸಿದರೆ ಬೆರೆಯುತ್ತೆ. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವ ಉಪಾಯ ಬಿಟ್ಟೆವು. ಮಗುಚಿಕೊಳ್ಳಲು ಶುರುಮಾಡಿದ ಮಗುವಿಗೆ ಅದು ಅಪಾಯ.

ಗೊತ್ತೇ ಇರದಿದ್ದದ್ದು: ಕಣ್ಣು ಮುಚ್ಚಿಕೊಂಡೇ ಮುಲುಗುವುದು, ಕೈಕಾಲು ಆಡಿಸುವುದು ಎಚ್ಚರವಲ್ಲ, ಹಗುರ ನಿದ್ದೆ. ಎತ್ತದೆ ಒಂದೆರಡು ನಿಮಿಷ ಕಾದರೆ ಎಷ್ಟೋ ಸಲ ಹಾಗೇ ಮಲಗಿಬಿಡುತ್ತೆ. ಇಷ್ಟು ದಿನ ಎಬ್ಬಿಸುತ್ತಿದ್ದದ್ದು ನಾವೇ.