ತೀರಿಕೊಂಡ ಅಮ್ಮ ಅರ್ಧ ಹೆಣೆದು ಬಿಟ್ಟ ಹೊದಿಕೆ, ಅದೇ ಬಣ್ಣದ ದಾರ ಸಿಗುತ್ತಿಲ್ಲ. ಹೇಗೆ ಮುಗಿಸಲಿ?

ದಾರದಂಗಡಿ_ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಬಳ್ಳಾರಿ ಕೌಲ್ ಬಜಾರ್ ಕಡೆ ನಮ್ಮದೊಂದು ಸಣ್ಣ ದಾರದಂಗಡಿ. ಉಲ್ಲನ್, ಕಾಟನ್ ದಾರ, ಸೀರೆ ಕುಚ್ಚಿನ ರೇಷ್ಮೆ ದಾರ, ಮಣಿ, ಸೂಜಿ, ಇಷ್ಟೇ ಸಾಮಾನು. ಈ ಊರಿನ ಬಿಸಿಲಿಗೆ ಉಲ್ಲನ್ ಯಾರು ಕೊಳ್ಳುತ್ತಾರೆ ಅಂತ ಕೇಳುವವರು ಜಾಸ್ತಿ. ಕೊಳ್ಳುತ್ತಾರೆ. ಕಾರಹುಣ್ಣಿಮೆ ಹತ್ತಿರ ಬಂದರೆ ಹಳ್ಳಿಯವರು ಎತ್ತಿಗೆ ಗೊಂಡೆ ಕಟ್ಟಲು ಕೆಂಪು, ಹಸಿರು, ಹಳದಿ ಉಂಡೆಗಳನ್ನು ಚೀಲ ತುಂಬಿಸಿಕೊಂಡು ಹೋಗುತ್ತಾರೆ. ಮಧ್ಯಾಹ್ನ ಊಟ ಆದ ಮೇಲೆ, ಮಕ್ಕಳು ಶಾಲೆಯಿಂದ ಬರುವ ತನಕ, ನಾಲ್ಕೈದು ಜನ ಹೆಂಗಸರು ಅಂಗಡಿ ಬೆಂಚಿನ ಮೇಲೆ ಕೂತು ತಮ್ಮ ಕೆಲಸ ಹೆಣೆಯುತ್ತಾರೆ. ಈಗ ಒಬ್ಬರದು ಬಾಗಿಲಿಗೆ ಗಿಳಿ ತೋರಣ ನಡೆದಿದೆ. ಇನ್ನೊಬ್ಬರು ಜೀನ್ಸ್ ಹೊಲಿಯುವ ಕಡೆಯಿಂದ ತಂದ ತುಂಡು ಬಟ್ಟೆಯಲ್ಲಿ ಚೀಲ ಹೊಲಿದು ಅದಕ್ಕೆ ಕ್ರೋಶಾ (ಕೊಕ್ಕೆ ಸೂಜಿಯಲ್ಲಿ ಹೆಣೆಯುವ) ಹೂವು ಕೂರಿಸುತ್ತಿದ್ದಾರೆ, ತುಂಬಾ ಚೆನ್ನಾಗಿ ಬರುತ್ತಿದೆ.

ಈಗ ನನ್ನ ಪ್ರಶ್ನೆ. ಹೋದ ವಾರ ಒಬ್ಬರು ಅಕ್ಕ ಒಂದು ಪ್ಲಾಸ್ಟಿಕ್ ಕವರ್ ತಂದು ಗಲ್ಲಾ ಮೇಲೆ ಇಟ್ಟರು. ಒಳಗೆ ಕ್ರೋಶಾ ಚೌಕಗಳು. ಅವರ ಅಮ್ಮ ಹೆಣೆದದ್ದು. ನಡುವೆ ಬೇರೆ ಬೇರೆ ಬಣ್ಣ, ಕೊನೇ ಸುತ್ತು ಮಾತ್ರ ಎಲ್ಲದಕ್ಕೂ ಕೆನೆ ಬಣ್ಣ. ಅಡ್ಡ 8, ಉದ್ದ 10, ಒಟ್ಟು 80 ಚೌಕದ ಹೊದಿಕೆ ಅಂತ ಅಮ್ಮ ಲೆಕ್ಕ ಹಾಕಿದ್ದರಂತೆ. 66 ಮುಗಿದಿವೆ. 67ನೆಯದು ಅರ್ಧಕ್ಕೆ ನಿಂತಿದೆ, ಬಿಚ್ಚಿಹೋಗಬಾರದು ಅಂತ ಕೊನೇ ಕುಣಿಕೆಗೆ ಪಿನ್ನು ಚುಚ್ಚಿ ಇಟ್ಟಿದ್ದಾರೆ. ಅಮ್ಮ ದೀಪಾವಳಿ ಆದ ಮೇಲೆ ತೀರಿಕೊಂಡರು. ಈಗ ಈ ಅಕ್ಕನ ಮಗಳು ಬಸುರಿ, ಮೇ ತಿಂಗಳಲ್ಲಿ ಹೆರಿಗೆ. ತೊಟ್ಟಿಲ ಕಾರ್ಯಕ್ಕೆ ಮುತ್ತಜ್ಜಿಯ ಹೊದಿಕೆ ಇರಬೇಕು ಅಂತ ಆಸೆ.

ನಾನು ಒಪ್ಪಿಕೊಂಡುಬಿಟ್ಟೆ. ಕೂತಾಗ ಗೊತ್ತಾಯಿತು ಕಷ್ಟ ಏನು ಅಂತ. ನನ್ನ ಹತ್ತಿರ ಇರುವ ಎರಡು ಕೆನೆ ಬಣ್ಣದ ದಾರವನ್ನೂ ಹೊರಗೆ ಬಿಸಿಲಿಗೆ ಹಿಡಿದು ನೋಡಿದೆ. ಒಂದು ಗುಲಾಬಿಗೆ ತಿರುಗುತ್ತದೆ, ಇನ್ನೊಂದು ಹಳದಿಗೆ. ಹಳೆಯದು ಕಾಯಿಸಿದ ಹಾಲಿನ ಕೆನೆಯ ಹಾಗೆ, ಎರಡಕ್ಕೂ ಸೇರುವುದಿಲ್ಲ. ಆಮೇಲೆ ಅಮ್ಮನ ಕೈ ಬಿಗಿ, ನನ್ನ ಕೈ ಸಡಿಲ. ಅವರ ಚೌಕ 5 ಇಂಚು, 4 ಎಂಎಂ ಸೂಜಿಯಲ್ಲಿ ನಾನು ಹಾಕಿದ್ದು ಐದೂವರೆ. ಆ ಅರ್ಧ ಚೌಕ ಬಿಚ್ಚಿ ದಾರ ನೋಡೋಣ ಅಂದರೆ ಅಕ್ಕ ಕೈ ಹಿಡಿದುಕೊಂಡರು, ಅದೊಂದನ್ನು ಬಿಚ್ಚಬೇಡಿ ಅಂದರು.

ಉಳಿದ 13 ಚೌಕ ಹೇಗೆ ಹೆಣೆಯಲಿ? ಅರ್ಧದ್ದನ್ನು ಏನು ಮಾಡಲಿ? ದುಡ್ಡು ಎಷ್ಟು ಅಂತ ಕೇಳಿದರು, ಅದಕ್ಕೂ ನನಗೆ ಉತ್ತರ ಗೊತ್ತಾಗಲಿಲ್ಲ.

ರಾಯಚೂರು_ಟೀಚರ್

ಅಕ್ಕಾ, ಮೊದಲು ಹಳೆ ಚೌಕಗಳನ್ನು ತಣ್ಣೀರಲ್ಲಿ ಶಾಂಪೂ ಹಾಕಿ ಮೆಲ್ಲಗೆ ಒಗೆದು ನೆರಳಲ್ಲಿ ಒಣಗಿಸಿ, ಆಮೇಲೆ ಬಣ್ಣ ಹೋಲಿಸಿ. ಕವರಿನಲ್ಲಿ ಇದ್ದ ದಾರಕ್ಕೆ ಧೂಳು, ಕೈಯ ಎಣ್ಣೆ ಹತ್ತಿರುತ್ತದೆ. ಎಷ್ಟೋ ಸಲ ಅರ್ಧ ವ್ಯತ್ಯಾಸ ಅಲ್ಲಿಗೇ ಹೋಗುತ್ತದೆ.

ಆದರೂ ಪೂರ್ತಿ ಸೇರುತ್ತದೆ ಅಂತ ಕಾಯಬೇಡಿ. ಲಾಟ್, ಅಂದರೆ ಒಂದೇ ಸಲ ಬಣ್ಣ ಹಾಕಿದ ದಾರದ ಗುಂಪು, ಬೇರೆ ಆದರೆ ಒಂದೇ ಕಂಪನಿ, ಒಂದೇ ನಂಬರಿನ ಬಣ್ಣವೂ ಬೇರೆ ಕಾಣುತ್ತದೆ, ಇದು ಅಂಗಡಿಯವರಾದ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಮಾಡುವುದು ಏನೆಂದರೆ, ಎರಡು ಕೆನೆ ಬಣ್ಣ ಒಂದಕ್ಕೊಂದು ತಾಗದ ಹಾಗೆ ನೋಡಿಕೊಳ್ಳುವುದು. ಕಣ್ಣಿಗೆ ವ್ಯತ್ಯಾಸ ತಿಳಿಯುವುದು ಎರಡೂ ಪಕ್ಕಪಕ್ಕ ಬಂದಾಗ ಮಾತ್ರ. 80 ಚೌಕಕ್ಕೂ ಹೊರಗೆ ಇನ್ನೊಂದು ಸುತ್ತು, ಪೂರ್ತಿ ಬೇರೆ ಬಣ್ಣದಲ್ಲಿ ಹಾಕಿ. ಹಳೆ ಕೆನೆಗೂ ಹೊಸ ಕೆನೆಗೂ ನಡುವೆ ಆ ಬಣ್ಣ ಬಂದು ನಿಲ್ಲುತ್ತದೆ. ಹೊಸ 13 ಚೌಕಗಳನ್ನು ಒಂದೇ ಮೂಲೆಗೆ ಗುಂಪಾಗಿ ಇಡಬೇಡಿ, ಅಲ್ಲೊಂದು ಇಲ್ಲೊಂದು ಹಂಚಿ.

ಈ ಸುತ್ತಿನಿಂದ ಅಳತೆಯೂ ಸರಿಯಾಗುತ್ತದೆ. ಚಿಕ್ಕದಕ್ಕೆ ಸ್ವಲ್ಪ ಸಡಿಲ, ದೊಡ್ಡದಕ್ಕೆ ಬಿಗಿ ಮಾಡಿ ಎಲ್ಲವನ್ನೂ 6 ಇಂಚಿಗೆ ತನ್ನಿ. ಆಗ ಹೊದಿಕೆ 4 ಅಡಿಗೆ 5 ಅಡಿ ಆಗುತ್ತದೆ. ದಾರ ಎಷ್ಟು ಬೇಕು ಅಂತ ಅಂದಾಜು ಮಾಡಬೇಡಿ, ತೂಕ ಮಾಡಿ. ಉಂಡೆಯನ್ನು ತೂಗಿ, ಒಂದು ಚೌಕಕ್ಕೆ ಸುತ್ತು ಹಾಕಿ, ಮತ್ತೆ ತೂಗಿ. 3 ಗ್ರಾಂ ಹೋಯಿತು ಅಂದುಕೊಳ್ಳಿ, 80ಕ್ಕೆ 240 ಗ್ರಾಂ. ಅಂದರೆ 100 ಗ್ರಾಂನ 3 ಉಂಡೆ, ಮೂರೂ ಒಂದೇ ಲಾಟ್ ನೋಡಿ ಈಗಲೇ ಎತ್ತಿಡಿ.

ಸೂಜಿ 3.5ಕ್ಕೆ ಇಳಿಸಿ ನೋಡಿ. ಅದಕ್ಕೂ ಮೊದಲು ಹೊಲಿಗೆ ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ. ಹಳೇ ಕಾಲದವರು ಇಂಗ್ಲೆಂಡಿನ ಪುಸ್ತಕದ ರೀತಿ ಕಲಿತಿರುತ್ತಾರೆ, ನಾವು ಅಮೆರಿಕದ ವಿಡಿಯೊ ನೋಡಿ ಕಲಿತವರು. ಅಮೆರಿಕದವರು ಡಬಲ್ ಅನ್ನುವ ಹೊಲಿಗೆಯನ್ನು ಇಂಗ್ಲೆಂಡಿನವರು ಟ್ರೆಬಲ್ ಅನ್ನುತ್ತಾರೆ, ಅಮೆರಿಕದ ಸಿಂಗಲ್ ಅಲ್ಲಿ ಡಬಲ್. ಹೆಸರು ನಂಬಿ ಹೆಣೆದರೆ ಎತ್ತರ ತಪ್ಪುತ್ತದೆ. ಚೌಕವನ್ನು ಬೆಳಕಿಗೆ ಹಿಡಿದು ಕಂಬದ ಹಾಗೆ ನಿಂತ ಒಂದೊಂದು ಹೊಲಿಗೆಗೂ ಎಷ್ಟು ಸಲ ದಾರ ಸುತ್ತಿದ್ದಾರೆ ಅಂತ ಎಣಿಸಿ.

ಭಾಗ್ಯನಗರ_ಮಗ್ಗ

ಕೊಪ್ಪಳದ ಪಕ್ಕದ ಭಾಗ್ಯನಗರ ನಮ್ಮದು. ಮನೆಯಲ್ಲಿ ಮಗ್ಗ ಇದ್ದಾಗ ನಮ್ಮ ಮಾವನವರು ಒಂದು ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆಗಳು, ಅದಕ್ಕೆ ಬೇಕಾದಷ್ಟು ಬಣ್ಣದ ನೂಲನ್ನು ಒಂದೇ ಸಲ ತರುತ್ತಿದ್ದರು. ಒಂದು ಲಡಿ ಕಡಿಮೆ ಬಿದ್ದು ಮತ್ತೆ ತಂದರೆ ಸೀರೆಯಲ್ಲಿ ಪಟ್ಟೆ ಎದ್ದು ಕಾಣುತ್ತದೆ. ಹಾಗಾಗಿ ಟೀಚರ್ ಹೇಳಿದ್ದು ನೂರಕ್ಕೆ ನೂರು ಸರಿ, 3 ಉಂಡೆ ಸಾಕು ಅನ್ನಿಸಿದರೆ 4 ಇಟ್ಟುಕೊಳ್ಳಿ.

ನಾನು ಹೇಳಬೇಕಾದ್ದು ಮಗುವಿನ ವಿಷಯ. ಉಲ್ಲನ್ ಅಂತ ಬಾಯಲ್ಲಿ ಅನ್ನುತ್ತೇವೆ, ಆದರೆ ನಾವು ಕೊಳ್ಳುವ ಬಹಳಷ್ಟು ಉಂಡೆಗಳಲ್ಲಿ ಕುರಿಯ ಉಣ್ಣೆ ಒಂದೆಳೆಯೂ ಇರುವುದಿಲ್ಲ, ಪೂರ್ತಿ ಅಕ್ರಿಲಿಕ್. ನಿಮ್ಮ ಹಳೆ ದಾರ ಯಾವುದು ಅಂತ ತಿಳಿಯಬೇಕಾದರೆ ಚೌಕದ ಹಿಂದೆ ಬಿಟ್ಟ ತುದಿಯಿಂದ ಒಂದು ಇಂಚು ಕತ್ತರಿಸಿ, ಚಿಮಟದಲ್ಲಿ ಹಿಡಿದು ಸ್ಟೀಲ್ ತಟ್ಟೆಯ ಮೇಲೆ ಸುಡಿ. ಹತ್ತಿ ಆದರೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ಉಣ್ಣೆ ಆದರೆ ಕೂದಲು ಸುಟ್ಟ ವಾಸನೆ, ಬೆಂಕಿ ತೆಗೆದರೆ ತಾನೇ ಆರುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಅಕ್ರಿಲಿಕ್ ಅಂತ ಗೊತ್ತಾದ ಮೇಲೆ ಬಿಸಿ ಇಸ್ತ್ರಿಯನ್ನು ಹತ್ತಿರವೂ ತರಬೇಡಿ. ಒಂದು ಸಲ ಬಿಸಿ ತಾಗಿದರೆ ದಾರ ಜೋತುಬೀಳುತ್ತದೆ, ಮತ್ತೆ ಪುಟಿಯುವುದಿಲ್ಲ.

ಮೇ ತಿಂಗಳಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತದೆ. ಆ ಸೆಕೆಯಲ್ಲಿ ಎಳೆಗೂಸಿಗೆ ಇದನ್ನು ಹೊದಿಸಬೇಡಿ ಅಂತ ಆ ಅಕ್ಕನಿಗೆ ಬಿಡಿಸಿ ಹೇಳಿ. ಸೆಕೆ ಇಲ್ಲದಿದ್ದರೂ ವರ್ಷ ತುಂಬುವ ತನಕ ಮಲಗಿದ ಮಗುವಿನ ಹತ್ತಿರ ಸಡಿಲ ಹೊದಿಕೆ ಬೇಡ ಅಂತಲೇ ಮಕ್ಕಳ ಡಾಕ್ಟರುಗಳು ಹೇಳುತ್ತಾರೆ. ಕ್ರೋಶಾದ ತೂತಿನಲ್ಲಿ ಮಗುವಿನ ಬೆರಳೂ ಸಿಕ್ಕಿಕೊಳ್ಳುತ್ತದೆ. ತೊಟ್ಟಿಲ ಕಾರ್ಯದ ದಿನ ಮಗು ಎತ್ತಿಕೊಂಡವರ ತೊಡೆಯ ಮೇಲೆ ಹಾಸಲಿ, ಫೋಟೊ ತೆಗೆಯಲಿ, ಆಮೇಲೆ ಮಡಿಸಿ ಇಡಲಿ. ಮಗು ಓಡಾಡುವ ವಯಸ್ಸಿಗೆ ಬಂದಾಗ ಚಳಿಗಾಲಕ್ಕೆ ಹೊದೆಯುತ್ತದೆ.

ಕುಚ್ಚು_ಗಂಗಾವತಿ

ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ನಾನು ಸೀರೆ ಕುಚ್ಚು ಹಾಕಿಯೇ ಮನೆ ನಡೆಸುವವಳು, ಅದಕ್ಕೆ ಹೇಳುತ್ತಿದ್ದೇನೆ. ದಾರ ಮಾರಿದ ಲಾಭದಲ್ಲೇ ಇದೂ ಬಂತು ಅಂದುಕೊಳ್ಳಬೇಡಿ. 13 ಚೌಕ, ಒಂದಕ್ಕೆ 40 ನಿಮಿಷ ಅಂದರೂ ಸುಮಾರು ಒಂಬತ್ತು ತಾಸು. ಅದಲ್ಲ ದೊಡ್ಡ ಕೆಲಸ. 8ಕ್ಕೆ 10 ಜೋಡಿಸುವಾಗ ಒಳಗಿನ ಅಂಚುಗಳನ್ನು ಎಣಿಸಿ ನೋಡಿ, 142 ಕಡೆ ಹೊಲಿಗೆ ಬರುತ್ತದೆ. ಒಂದೊಂದಕ್ಕೆ 10 ನಿಮಿಷ ಹಿಡಿದರೆ 23 ತಾಸು ಮೀರುತ್ತದೆ. ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಅವರ ಮುಂದೆ ಇಡಿ. ಇಷ್ಟು ಕೊಡಿ ಅಂತ ಒತ್ತಾಯ ಬೇಡ, ಆದರೆ ಇಷ್ಟು ಕೆಲಸ ಇದೆ ಅಂತ ಅವರಿಗೆ ತಿಳಿಯಲಿ. ಹೆಂಗಸರ ಕೈಕೆಲಸಕ್ಕೆ ಬೆಲೆ ಕೇಳಲು ನಾವೇ ನಾಚಿಕೊಂಡರೆ ಬೇರೆ ಯಾರು ಕೊಡುತ್ತಾರೆ?

ರಾಯಚೂರು_ಟೀಚರ್

ಗಂಗಾವತಿ ಅಕ್ಕ ಹೇಳಿದ ಲೆಕ್ಕ ಸರಿ, ಆದರೆ 142 ಹೊಲಿಗೆಯನ್ನು ಬೇರೆಯಾಗಿ ಹಾಕಬೇಕಿಲ್ಲ. ಬೇರೆ ಬಣ್ಣದ ಕೊನೇ ಸುತ್ತು ಹಾಕುವಾಗಲೇ ಪಕ್ಕದ ಚೌಕದ ಸಂದಿಗೆ ಸೂಜಿ ತೂರಿಸಿ ದಾರ ಎಳೆದುಕೊಂಡು ಹೋದರೆ ಅಲ್ಲೇ ಜೋಡಣೆ ಆಗಿಬಿಡುತ್ತದೆ. ಮೊದಲು ನೆಲದ ಮೇಲೆ 80ನ್ನೂ ಹರಡಿ, ಜಾಗ ಗೊತ್ತು ಮಾಡಿ, ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ.

ಸಂಡೂರು_ಕೌದಿ

ನನ್ನ ಮಾತು ಸ್ವಲ್ಪ ಬೇರೆ. ಬಣ್ಣ ಸೇರಿಸಲು ಇಷ್ಟೆಲ್ಲ ಯಾಕೆ ಒದ್ದಾಡಬೇಕು? ನಮ್ಮ ಮನೆಯ ಕೌದಿಯಲ್ಲಿ ಅಜ್ಜಿಯ ಸೀರೆ, ಅಪ್ಪನ ಪಂಚೆ, ನನ್ನ ಶಾಲೆಯ ಲಂಗ ಎಲ್ಲ ಇದೆ. ಯಾವುದಕ್ಕೂ ಯಾವುದೂ ಹೊಂದುವುದಿಲ್ಲ, ಯಾರದು ಯಾವುದು ಅಂತ ಬೆರಳಿಟ್ಟು ತೋರಿಸಬಹುದು. ನಮ್ಮೂರಿನ ಲಂಬಾಣಿ ಕಸೂತಿಗೆ ಜಿಐ ಟ್ಯಾಗ್ ಇದೆ, ಅದರಲ್ಲೂ ಕನ್ನಡಿ, ಕವಡೆ, ಬಣ್ಣಬಣ್ಣದ ದಾರ ಎಲ್ಲ ಜೊತೆಯಲ್ಲೇ ಇರುತ್ತವೆ. ಅಮ್ಮನ 66 ಅಮ್ಮನವೇ, ಉಳಿದ 13 ಬೇರೆ ಕೈಯವು ಅಂತ ಕಾಣಲಿ ಬಿಡಿ. ಅದಕ್ಕಿಂತ ಮುಖ್ಯ, ಆ 13ರಲ್ಲಿ ಒಂದಾದರೂ ಆ ಅಕ್ಕನ ಮಗಳು ಹೆಣೆಯಲಿ. ಬರುವುದಿಲ್ಲ ಅಂದರೆ ನಿಮ್ಮ ಬೆಂಚಿನ ಮೇಲೆ ಕೂರಿಸಿ ಕಲಿಸಿ.

ಅರ್ಧ ಚೌಕವನ್ನು ಮುಗಿಸಬೇಡಿ. ತೆರೆದ ಕುಣಿಕೆಯಲ್ಲಿ ಗಟ್ಟಿ ದಾರ ಪೋಣಿಸಿ ಪಕ್ಕದ ಹೊಲಿಗೆಗೆ ಕಟ್ಟಿಬಿಡಿ, ಪಿನ್ನು ತೆಗೆಯಬಹುದು. ಆಮೇಲೆ 5 ಇಂಚಿನ ಮೆತ್ತನೆ ಕಾಟನ್ ಬಟ್ಟೆ ಎರಡು ಪದರ ಮಾಡಿ, ಅಂಚು ಮಡಚಿ, ಅದರ ಮೇಲೆ ಈ ಅರ್ಧವನ್ನು ಹರಡಿ ಕೌದಿಗೆ ಹಾಕುವ ಹಾಗೆ ಸಣ್ಣ ಸಣ್ಣ ಹೊಲಿಗೆ ಹಾಕಿ. ಎಲ್ಲೂ ಎದ್ದು ನಿಲ್ಲಬಾರದು, ಮಗುವಿನ ಬೆರಳಿಗೆ ಸಿಗಬಾರದು. ಬಟ್ಟೆ ಅಮ್ಮನ ಹಳೇ ಸೀರೆಯದೇ ಆದರೆ ಇನ್ನೂ ಒಳ್ಳೆಯದು. ಬಟ್ಟೆಯ ಅಂಚಿಗೆ ಸುತ್ತಲೂ ಕಂಬಳಿ ಹೊಲಿಗೆ (ಬ್ಲಾಂಕೆಟ್ ಸ್ಟಿಚ್) ಹಾಕಿಕೊಂಡರೆ ಕ್ರೋಶಾ ಸೂಜಿ ತೂರಿಸಲು ಜಾಗ ಸಿಗುತ್ತದೆ, ಟೀಚರ್ ಹೇಳಿದ ಸುತ್ತು ಇದಕ್ಕೂ ಕೂರುತ್ತದೆ.

ದಾರದಂಗಡಿ_ಬಳ್ಳಾರಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹತ್ತು ದಿನ ಆಯಿತು, ಏನಾಯಿತು ಅಂತ ಬರೆಯುತ್ತೇನೆ.

ಒಗೆದ ಮೇಲೆ ಹಳೆ ಕೆನೆ ಬಣ್ಣ ಸ್ವಲ್ಪ ತಿಳಿಯಾಯಿತು, ಹಳದಿಗೆ ತಿರುಗುವ ದಾರ ಹತ್ತಿರಕ್ಕೆ ಬಂತು. ಸುಟ್ಟು ನೋಡಿದೆ, ಅಕ್ರಿಲಿಕ್. ಅಮ್ಮನ ಸೂಜಿ ಇದೆಯಾ ಅಂತ ಅಕ್ಕನಿಗೆ ಫೋನ್ ಮಾಡಿದ್ದಕ್ಕೆ ಮಾರನೇ ದಿನ ಒಂದು ಬಿಸ್ಕತ್ತಿನ ಡಬ್ಬಿಯನ್ನೇ ತಂದರು. ಸೂಜಿಯ ಹಿಡಿಗೆ ರವಿಕೆ ಬಟ್ಟೆಯ ಪಟ್ಟಿ ಸುತ್ತಿ ದಾರ ಬಿಗಿದಿದ್ದಾರೆ, ಬೆರಳು ಇಡುವ ಕಡೆ ಮಾತ್ರ ಬಟ್ಟೆ ಸವೆದು ಹೊಳೆಯುತ್ತಿದೆ. ನಂಬರ್ ಅಳಿಸಿಹೋಗಿತ್ತು. ಅಳತೆ ಪಟ್ಟಿಯ ತೂತಿಗೆ ಹಾಕಿ ನೋಡಿದರೆ 3.5. ಆ ಸೂಜಿಯಲ್ಲೇ ನಾನು ಹೆಣೆದೆ, ಚೌಕ 5 ಇಂಚಿಗಿಂತ ಒಂಚೂರು ಜಾಸ್ತಿ ಬಂತು ಅಷ್ಟೇ. ಡಬ್ಬಿಯಲ್ಲಿ ಉಂಡೆಯ ಲೇಬಲ್ಲೂ ಸಿಕ್ಕಿತು. ಆ ಲಾಟ್ ಈಗ ಇಲ್ಲ, ಆದರೆ ದಾರದ ದಪ್ಪ ಯಾವುದು ಅಂತ ಖಾತ್ರಿ ಆಯಿತು.

ಹೊರಗಿನ ಸುತ್ತಿಗೆ ಅಕ್ಕ ಹಸಿರು ಆರಿಸಿದರು. ಮಗಳ ಕುಬಸಕ್ಕೆ ಹಸಿರು ಸೀರೆ, ಹಸಿರು ಬಳೆ ಕೊಟ್ಟಿದ್ದೇವೆ, ಅದೇ ಇರಲಿ ಅಂದರು. 4 ಉಂಡೆ ಒಂದೇ ಲಾಟ್ ತೆಗೆದಿಟ್ಟಿದ್ದೇನೆ. ಚೀಟಿ ಬರೆದು ತೋರಿಸಿದೆ. ಅವರು ಎರಡು ಸಲ ಓದಿ, ಇಷ್ಟು ಕೆಲಸವಾ ಅಂತ ಕೇಳಿ, ಅರ್ಧ ದುಡ್ಡು ಅಲ್ಲೇ ಕೊಟ್ಟು ಹೋದರು. ಮಗುವಿಗೆ ಹೊದಿಸುವುದಿಲ್ಲ, ತೊಡೆಯ ಮೇಲೆ ಹಾಸುತ್ತೇವೆ ಅಂತ ಒಪ್ಪಿದ್ದಾರೆ.

ಅರ್ಧ ಚೌಕ ಸಂಡೂರು ಅಕ್ಕ ಹೇಳಿದ ಹಾಗೇ ಮಾಡುತ್ತೇನೆ. ಅಮ್ಮನ ಒಂದು ನೀಲಿ ಕಾಟನ್ ಸೀರೆಯ ಸೆರಗು ತಂದುಕೊಟ್ಟಿದ್ದಾರೆ.

ಬಸುರಿ ಮಗಳಿಗೆ ಈ ಬಿಸಿಲಲ್ಲಿ ಅಂಗಡಿಗೆ ಬರಲು ಆಗಲಿಲ್ಲ, ಅಕ್ಕನೇ ಕೂತರು. ಸರಪಳಿ ಹಾಕುವುದನ್ನು ಚಿಕ್ಕವರಿದ್ದಾಗ ಅಮ್ಮ ಕಲಿಸಿದ್ದರಂತೆ, ಬಿಟ್ಟು ಮೂವತ್ತು ವರ್ಷದ ಮೇಲಾಗಿದೆ. ನಾಲ್ಕು ಸಲ ಬಿಚ್ಚಿದರು. ತೋರಣದವರು ತಮ್ಮ ಗಿಳಿ ಪಕ್ಕಕ್ಕಿಟ್ಟು ಮೂಲೆ ತಿರುಗಿಸುವುದನ್ನು ತೋರಿಸಿಕೊಟ್ಟರು. ನಿನ್ನೆ ಸಂಜೆ ಅವರ ಚೌಕ ಮುಗಿಯಿತು. ಟೇಪು ಹಿಡಿದರೆ ನಾಲ್ಕೂಕಾಲು ಇಂಚು, ಅಮ್ಮನಿಗಿಂತ ಬಿಗಿ ಕೈ. ಹಸಿರು ಸುತ್ತಿನಲ್ಲಿ ಸ್ವಲ್ಪ ಸಡಿಲ ಬಿಟ್ಟು ಸರಿ ಮಾಡಿಕೊಳ್ಳುತ್ತೇನೆ.